ಅಳಿಸಿದರೂ ಖಾಲಿಯಾಗದ ಜಾಗ

ಜೂನ್ 9

ಅಪ್ಪಾ,

ಇಲ್ಲ, ನಾನು ಒಪ್ಪುವುದಿಲ್ಲ. "ತುಂಬಿದರೆ ಒಡೆದು ಬಿಸಾಕಲಿ, ಹಳೇ ಅಚ್ಚು ಹಾಕಿಕೊಂಡು ಯಾರೂ ನಡೆಯೋದಿಲ್ಲ" ಅಂತ ಒಂದೇ ಸಾಲು ಬರೆದು ಮುಗಿಸಿಬಿಟ್ಟೆಯಲ್ಲ, ಅದು ಕೃತಕ ಕಾಲು ಮಾಡುವ ನಿನ್ನ ಶೆಡ್ಡಿನ ಮಾತು. ಶೆಡ್ಡಿನಲ್ಲಿ ಪ್ಲಾಸ್ಟರ್ ಅಚ್ಚು ಪೇರಿಸುತ್ತಾ ಹೋದರೆ ಕಾಲಿಡಲು ಜಾಗ ಇರುವುದಿಲ್ಲ, ಸರಿ. ಈ ಆಸ್ಪತ್ರೆಯಲ್ಲಿ ಪ್ಲಾಸ್ಟರೇ ಇಲ್ಲ. ಮೊಂಡುಗಾಲಿನ ಸುತ್ತ ಒಂದು ಕ್ಯಾಮೆರಾ ತಿರುಗಿಸುತ್ತಾರೆ, ಆಕಾರ ಹಾಗೇ ಕಂಪ್ಯೂಟರಿಗೆ ಇಳಿಯುತ್ತದೆ. ಬೆಳೆಯುವ ಮಕ್ಕಳದ್ದು ಆರು ತಿಂಗಳಿಗೊಂದು ಅಳತೆ. ಮಗು ಎಷ್ಟು ಬೆಳೆಯಿತು, ಯಾವ ಕಡೆ ಬೆಳೆಯಿತು ಎಲ್ಲ ಅದರಲ್ಲಿ ಸಾಲಾಗಿ ಇರುತ್ತದೆ. ಅದನ್ನು ಅಳಿಸಿ ಅನ್ನುವುದಕ್ಕೆ ನಿನಗೆ ಹೇಗೆ ಮನಸ್ಸು ಬಂತು?

ಇನ್ನೊಂದು ಸಾಲು ಬರೆದಿದ್ದೆ. "ಬ್ಯಾಟರಿ ನೋಡೋಕೆ ಇಟ್ಟುಕೊಂಡಿದ್ದಾರೆ, ಬ್ಯಾಟರಿ ನೋಡಿಕೋ. ಹತ್ತನೇ ಕ್ಲಾಸಿನವನು ಎಂಜಿನಿಯರುಗಳ ಯಂತ್ರಕ್ಕೆ ಕೈ ಹಾಕಬೇಡ." ಅದಕ್ಕೆ ಉತ್ತರ ಕೊನೆಗೆ ಕೊಡುತ್ತೇನೆ, ಮೊದಲು ವಿಷಯ ಕೇಳು. ಫೋನಿನಲ್ಲಿ ಹೇಳಿದರೆ "ಆಂ? ಆಂ?" ಅನ್ನುತ್ತೀಯ. ಮೂವತ್ತು ವರ್ಷ ಗ್ರೈಂಡರ್ ಪಕ್ಕ ನಿಂತ ಕಿವಿ ನಿನ್ನದು. ಅದಕ್ಕೇ ಕಾಗದ.

ನಾನು ಕೂರುವ ಕೋಣೆ ನೆಲಮಹಡಿಯ ಮೂಲೆಯಲ್ಲಿದೆ. ಉದ್ದಕ್ಕೆ ನಾಲ್ಕು ಹೆಜ್ಜೆ, ಅಡ್ಡಕ್ಕೆ ಮೂರು. ಒಂದು ಗೋಡೆಗೆ, ಕರೆಂಟು ಹೋದಾಗ ಬೇಕಾಗುವ ಇಪ್ಪತ್ತನಾಲ್ಕು ಬ್ಯಾಟರಿ, ಎದುರು ಗೋಡೆಗೆ ಸರ್ವರ್. ಯಾವಾಗಲೂ ಗುಂಯ್ ಅನ್ನುತ್ತಿರುತ್ತದೆ. ಆ ಸರ್ವರ್ ಒಂದೇ ಕಂಪ್ಯೂಟರ್, ಆದರೆ ಅದರೊಳಗೆ ಹನ್ನೊಂದು ಕಂಪ್ಯೂಟರ್‌ಗಳಿವೆ. ವರ್ಚುವಲ್ ಮಷೀನ್ ಅನ್ನುತ್ತಾರೆ. ಚೀಟಿ ಬರೆಯುವುದಕ್ಕೆ ಒಂದು, ಔಷಧಿಗೆ ಒಂದು, ಕಾಲಿನ ಅಳತೆಗೆ ಒಂದು, ಹೀಗೆ. ಒಂದೊಂದೂ ತಾನೊಬ್ಬನೇ ಇಡೀ ಮನೆಗೆ ಯಜಮಾನ ಅಂದುಕೊಂಡು ಕೆಲಸ ಮಾಡುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಒಂದೊಂದೂ ಒಂದು ಭಾರೀ ಫೈಲು, ಅಷ್ಟೇ. ಹನ್ನೊಂದು ಫೈಲೂ ಸೇರಿ ಈಗ ಡಿಸ್ಕನ್ನು ಕಂಠಮಟ್ಟ ತುಂಬಿವೆ. ಎಂಟು ಸಾವಿರ ಜಿಬಿಯಲ್ಲಿ ಉಳಿದಿರುವುದು ಇನ್ನೂರ ನಲವತ್ತು.

ಮ್ಯಾನೇಜರ್ ಮೇಡಂ ನೋಟಿಸ್ ಹಾಕಿದ್ದಾರೆ. ಆಗಸ್ಟ್ 31ಕ್ಕೆ ಎರಡು ವರ್ಷಕ್ಕಿಂತ ಹಳೆಯ ಮಕ್ಕಳ ಅಳತೆಯೆಲ್ಲ ಅಳಿಸುವುದು. ಹೆಡ್ ಆಫೀಸಿನ ಆರ್ಡರ್ ಅಂತೆ.

ಈಗ ಕೇಳು, ತಮಾಷೆ ಇಲ್ಲಿದೆ. ಅಳತೆಯ ಯಂತ್ರದ ಒಳಗೆ ಹೋಗಿ ಲೆಕ್ಕ ಹಾಕಿದರೆ ಅದರಲ್ಲಿರುವ ಸಾಮಾನು ಬರೀ ಒಂಬೈನೂರು ಜಿಬಿ. ಅದೇ ಯಂತ್ರದ ಫೈಲನ್ನು ಹೊರಗಿನಿಂದ ತೂಗಿದರೆ ಮೂರು ಸಾವಿರ! ಕ್ಯಾಮೆರಾ ಪ್ರತಿ ಸಲ ಒಂದು ರಾಶಿ ಕಚ್ಚಾ ಫೋಟೋ ಇಳಿಸುತ್ತದೆ, ಆಕಾರ ಸಿಕ್ಕಿದ ಮೇಲೆ ಅದನ್ನು ಅಳಿಸುತ್ತದೆ. ಒಳಗೆ ಅಳಿಸಿದ್ದು ಹೊರಗಿನ ಸರ್ವರಿಗೆ ಗೊತ್ತೇ ಆಗಿಲ್ಲ. ಯಾರೂ ಹೇಳಿಲ್ಲವಲ್ಲ! ಅದು ಪಾಪ, ಇನ್ನೂ ಬೇಕಾಗಬಹುದು ಅಂತ ಜಾಗ ಹಿಡಿದುಕೊಂಡೇ ಕೂತಿದೆ. ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಕಾಲು ಹೊರಗೆ ತೆಗೆದ ಮೇಲೆ ಪ್ಲಾಸ್ಟರ್ ಅಚ್ಚು ಒಳಗೆಲ್ಲ ಟೊಳ್ಳು. ಆದರೂ ಶೆಡ್ಡಿನಲ್ಲಿ ಒಂದು ಇಡೀ ಕಾಲಿನ ಜಾಗ ತಿನ್ನುತ್ತದೆ. ಹಾಗೆ.

ಮೇಡಂ ಹತ್ತಿರ ಹೋಗಿ ಹೇಳಿದೆ, "ಮೇಡಂ, ಯಾವ ಮಗುವಿನ ಅಳತೇನೂ ಅಳಿಸಬೇಡಿ. ಜಾಗ ಒಳಗೇ ಇದೆ, ಬಿಡಿಸಿಕೊಡ್ತೀನಿ."

"ಯಾರು, ನೀನಾ?"

"ನಾನೇ."

"ಬ್ಯಾಟರಿಗೆ ನೀರು ಹಾಕಿದ್ದೀಯಾ ಇವತ್ತು?"

"ಹಾಕಿದೆ."

"ಮೂವತ್ತೊಂದರವರೆಗೂ ಟೈಮಿದೆ. ನೋಡೋಣ ಹೋಗು" ಅಂದರು. ನಗುತ್ತಲೇ ಅಂದರು. ಪರವಾಗಿಲ್ಲ.

ಇನ್ನು ನಿನ್ನ ಎರಡನೇ ಸಾಲಿಗೆ ಉತ್ತರ. ಹತ್ತರ ಮೇಲೆ ನಾನು ಸ್ಕೂಲಿಗೆ ಹೋಗಲಿಲ್ಲ, ನಿಜ. ಓದುವುದನ್ನು ನಿಲ್ಲಿಸಿದೆ ಅಂತ ನಿನಗೆ ಯಾರು ಹೇಳಿದರು? ಎರಡು ವರ್ಷದ ಹಿಂದೆ ನಾನು ಮಾಡಿದ ಮೊದಲನೇ ಬಟ್ಟಲನ್ನು, ಮೊಂಡು ಕೂರುವ ಬಟ್ಟಲನ್ನು, ನೀನು ಸುತ್ತಿಗೆ ತಗೊಂಡು ಒಡೆದೆ. ದಪ್ಪ ಹೆಚ್ಚಾಗಿದೆ ಅಂದೆ. ಹೆಚ್ಚಾಗಿದ್ದದ್ದು ನಿಜ. ಒಡೆಯುವ ಮೊದಲು ಎಲ್ಲಿ ಹೆಚ್ಚಾಗಿದೆ ಅಂತ ನನ್ನ ಕೈ ಹಿಡಿದು ಸವರಿಸಬಹುದಿತ್ತು.

ಅಮ್ಮನಿಗೆ ಮಂಡಿ ನೋವು ಹೇಗಿದೆ ಅಂತ ಬರಿ.

ನಿನ್ನ ಮಗ


ಜೂನ್ 26

ತಮ್ಮಾ,

ಅಪ್ಪ ಬರೆಯುತ್ತಾರೆ ಅಂತ ಹದಿನೈದು ದಿನ ಕಾದೆ. ಬರೆಯುವ ಹಾಗೆ ಕಾಣಲಿಲ್ಲ, ಅದಕ್ಕೆ ನಾನೇ ಕೂತೆ.

ನಿನ್ನ ಕಾಗದ ಓದಿದರು. ಎರಡು ಸಲ ಓದಿದರು. ಆಮೇಲೆ ಗ್ರೈಂಡರ್ ಹಾಕಿಕೊಂಡು ಕೂತುಬಿಟ್ಟರು. ಉಜ್ಜುವುದಕ್ಕೆ ಏನೂ ಇರಲಿಲ್ಲ ಕಣೋ, ಬರೀ ಚಕ್ರ ತಿರುಗಿಸುತ್ತಾ ಕೂತಿದ್ದರು. ಅಮ್ಮ ಊಟಕ್ಕೆ ಮೂರು ಸಲ ಕರೆದಳು. ಕೊನೆಗೆ ಸ್ವಿಚ್ಚೇ ಆರಿಸಿ ಬಂದಳು.

ಊಟ ಮಾಡುತ್ತಾ ಕೇಳಿದರು, "ಅದೇನು, ಒಂದರೊಳಗೆ ಹನ್ನೊಂದು ಅಂತ ಬರೆದಿದ್ದಾನಲ್ಲ, ನಿನಗೆ ಅರ್ಥ ಆಯ್ತಾ?"

"ಇಲ್ಲಪ್ಪ, ನಿಮಗೆ?"

"ಟೊಳ್ಳು ಅಂದನಲ್ಲ, ಅದು ಅರ್ಥ ಆಯ್ತು" ಅಂದರು. ಆಮೇಲೆ ತಟ್ಟೆ ಎತ್ತಿಕೊಂಡು ಎದ್ದರು.

ನೀನೂ ಸುಮ್ಮನಿರೋನಲ್ಲ. ಆ ಬಟ್ಟಲಿನ ಮಾತು ಯಾಕೆ ತೆಗೆದೆ? ನೀನು ಬ್ಯಾಗು ಹಾಕಿಕೊಂಡು ಹೋದ ದಿನ ಆ ಚೂರುಗಳನ್ನು ಗುಡಿಸಿದ್ದು ನಾನಲ್ಲ, ಅಪ್ಪ. ಅಷ್ಟು ಮಾತ್ರ ಹೇಳುತ್ತೇನೆ.

ಅಮ್ಮನ ಮಂಡಿ ಹಾಗೇ ಇದೆ. ಏಳುವಾಗ ನಿನ್ನನ್ನು ಬೈಯುತ್ತಾಳೆ, ಕೂರುವಾಗ ಅಪ್ಪನನ್ನು. ಸರಿಯಾಗಿ ತಿನ್ನು. ಆ ಕೋಣೆಯ ಎಸಿಯಲ್ಲಿ ಬರೀ ಬನಿಯನ್ನಿನಲ್ಲಿ ಕೂರಬೇಡ.

ನಿನ್ನ ಅಕ್ಕ


ಜುಲೈ 11

ಅಕ್ಕಾ,

ಇದನ್ನು ಅಪ್ಪನಿಗೆ ತೋರಿಸಬೇಡ. ಓದಿ ಹರಿದುಬಿಡು.

ಒಂದು ಎಡವಟ್ಟು ಮಾಡಿಕೊಂಡೆ. ಸಣ್ಣದಲ್ಲ.

ಇಂಟರ್ನೆಟ್ಟಿನಲ್ಲಿ ಒಬ್ಬರು ಬರೆದಿದ್ದರು, ಖಾಲಿ ಜಾಗ ಖಾಲಿ ಇದೆ ಅಂತ ಹೊರಗಿನದಕ್ಕೆ ಗೊತ್ತಾಗಬೇಕಾದರೆ ಮೊದಲು ಒಳಗೆ ಆ ಜಾಗದ ತುಂಬ ಸೊನ್ನೆ ಬರೆದು ಅಳಿಸಬೇಕು, ಆಮೇಲೆ ಫೈಲನ್ನು ಕುಗ್ಗಿಸಬೇಕು ಅಂತ. ಕೆಳಗೆ ಇನ್ನೂ ಉದ್ದ ಇತ್ತು. ನನಗೆ ಎಲ್ಲಿ ತಾಳ್ಮೆ? ಮೇಲಿನ ನಾಲ್ಕು ಸಾಲು ಓದಿ, ಬೆಳಿಗ್ಗೆ ಏಳಕ್ಕೆ ಹೋಗಿ ಅಳತೆಯ ಯಂತ್ರದಲ್ಲಿ ಶುರು ಮಾಡಿಯೇಬಿಟ್ಟೆ. ಪಾಸ್‌ವರ್ಡ್ ನನ್ನ ಹತ್ತಿರ ಇತ್ತು. ಸರ್ವರ್ ಹಾಕಿದ ಕಂಪನಿಯ ಎಂಜಿನಿಯರ್ ಒಬ್ಬ ಇದ್ದಾನೆ, ಯಾವಾಗಲೂ ಟೈ ಕಟ್ಟಿಕೊಂಡಿರುತ್ತಾನೆ, ಎಲ್ಲರೂ ಟೈ ಅಂತಲೇ ಕರೆಯುತ್ತಾರೆ. ಮೂರು ತಿಂಗಳಿಗೊಮ್ಮೆ ಬರುತ್ತಾನೆ. ಮಧ್ಯೆ ಏನಾದರೂ ಕೆಟ್ಟರೆ ಬರುವುದಕ್ಕೆ ಸೋಮಾರಿತನ, ಫೋನಿನಲ್ಲೇ ನನಗೆ ಹೇಳಿ ಮಾಡಿಸುತ್ತಾನೆ. ಅದಕ್ಕೆ ಕೊಟ್ಟಿದ್ದ.

ಸೊನ್ನೆ ಅಂದರೆ ಏನೂ ಇಲ್ಲ ಅಂತ ತಾನೇ ನಾವು ಕಲಿತದ್ದು? ಬರೆದರೆ ಸೊನ್ನೆಯೂ ಜಾಗ ತಿನ್ನುತ್ತದೆ ಅಕ್ಕಾ. ಆ ಯಂತ್ರಕ್ಕೆ ಇನ್ನೂ ಒಂದು ಸಾವಿರ ಜಿಬಿಯಷ್ಟು ಬೆಳೆಯುವ ಹಕ್ಕು ಕೊಟ್ಟಿದ್ದರು. ಅದು ಅಲ್ಲಿಯವರೆಗೂ ಮುಟ್ಟದೇ ಇದ್ದ ಜಾಗಕ್ಕೂ ನಾನು ಸೊನ್ನೆ ಬರೆಸಿದೆ. ಮನೆ ಖಾಲಿ ಇದೆ ಅಂತ ತೋರಿಸುವುದಕ್ಕೆ ಮನೆ ತುಂಬ ಖಾಲಿ ಪೆಟ್ಟಿಗೆ ಪೇರಿಸಿದ ಹಾಗೆ. ಕುಗ್ಗಬೇಕಾದ ಫೈಲು ಊದತೊಡಗಿತು. ನಾನು ಬ್ಯಾಟರಿ ಒರೆಸುತ್ತಾ ಇದ್ದೆ, ನೋಡಲೇ ಇಲ್ಲ. ಒಂಬತ್ತು ನಲವತ್ತಕ್ಕೆ ಉಳಿದಿದ್ದ ಇನ್ನೂರ ನಲವತ್ತೂ ಮುಗಿಯಿತು. ಹನ್ನೊಂದು ಯಂತ್ರವೂ ನಿಂತವು.

ಚೀಟಿ ಕಿಟಕಿ ಮುಂದೆ ಎಪ್ಪತ್ತು ಜನ. ಅದರಲ್ಲಿ ಅರ್ಧ ಊರುಗೋಲಿನವರು, ಗಾಲಿಕುರ್ಚಿಯವರು. ಕುರ್ಚಿ ಸಾಲದೆ ಒಬ್ಬಾಕೆ ಮಗುವನ್ನು ಎತ್ತಿಕೊಂಡೇ ನಿಂತಿದ್ದಳು. ಒಂದು ಕಾಲಿನ ಮಗು, ಕಾಲು ಅವಳ ಸೊಂಟಕ್ಕೆ ತಗಲಿ ತಗಲಿ ತೂಗುತ್ತಿತ್ತು. ಅದನ್ನು ನೋಡಿ ಸೀದಾ ಕೋಣೆಗೆ ವಾಪಸು ಬಂದೆ.

 ಓಡಿ ಹೋಗಲಿಲ್ಲ ಅಕ್ಕಾ, ಅಷ್ಟು ನಂಬು. ಸೊನ್ನೆ ಬರೆಯುವುದನ್ನು ನಿಲ್ಲಿಸಿದೆ. ಸರ್ವರಿನಲ್ಲಿ ಇನ್‌ಸ್ಟಾಲ್ ಮಾಡಲು ತಂದಿದ್ದ ಹಳೇ ಫೈಲುಗಳು ಮೂವತ್ತು ಜಿಬಿಯಷ್ಟಿದ್ದವು, ಯಾರಿಗೂ ಬೇಡದವು, ಅವನ್ನು ತೆಗೆದೆ. ಉಸಿರಾಡುವಷ್ಟು ಜಾಗ ಆಯಿತು. ಒಂದೊಂದೇ ಯಂತ್ರ ಎಬ್ಬಿಸಿದೆ, ಚೀಟಿಯದ್ದು ಮೊದಲು. ನಲವತ್ತು ನಿಮಿಷ. ಒಂದು ಅಕ್ಷರವೂ ಹಾಳಾಗಿರಲಿಲ್ಲ.

ಮೇಡಂ ಹತ್ತಿರ ನಾನೇ ಹೋಗಿ "ನಿಲ್ಲಿಸಿದ್ದು ನಾನು" ಅಂದೆ. ಕೂಗಾಡಲಿಲ್ಲ. "ಪಾಸ್‌ವರ್ಡ್ ಬದಲಾಯಿಸೋಕೆ ಹೇಳ್ತೀನಿ. ನಿನ್ನ ಪಾಡಿಗೆ ನೀನು ಬ್ಯಾಟರಿ ನೋಡ್ಕೋ" ಅಂದರು. ಅಪ್ಪ ಅಂದದ್ದೇ ಮಾತು, ಅಕ್ಷರಕ್ಕೆ ಅಕ್ಷರ. ಕೂಗಾಡಿದ್ದರೇ ಚೆನ್ನಾಗಿತ್ತು.

ಅಳಿಸುವ ದಿನ ಹಾಗೇ ಇದೆ. ಆಗಸ್ಟ್ 31. ಈಗ ನನ್ನ ಕೈಯಲ್ಲಿ ಬೀಗದ ಕೈಯೂ ಇಲ್ಲ.

ಆದರೆ ನಾನು ಹೇಳಿದ್ದು ತಪ್ಪಲ್ಲ. ಜಾಗ ಇದೆ. ತೆಗೆಯುವ ದಾರಿ ಮಾತ್ರ ತಪ್ಪಾಯಿತು.

ತಮ್ಮ


ಜುಲೈ 22

ಮಗನಿಗೆ,

ಅಕ್ಕ ನಿನ್ನ ಕಾಗದ ನನಗೆ ತೋರಿಸಲಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟು ನೀರು ತರಲು ಹೋದಳು. ನಲ್ಲಿ ಮನೆಯೊಳಗೇ ಇದೆ, ಬರಲು ಒಂದು ಗಂಟೆ ಹಿಡಿಯಿತು.

ನಾನು ಹೆಚ್ಚು ಬರೆಯುವವನಲ್ಲ. ನಾಲ್ಕು ಮಾತು.

ಒಂದು ಸಲ ಒಬ್ಬ ಹೆಂಗಸು ಬಂದಿದ್ದಳು. ನೀನು ಆಗ ಹುಟ್ಟಿರಲಿಲ್ಲ. ಬಟ್ಟೆ ಒಗೆಯುವ ಕೆಲಸ ಅವಳದ್ದು. ಕಾಲು ಮಾಡಿಕೊಟ್ಟೆ, ಚೆನ್ನಾಗಿ ಕೂತಿತು. ಶೆಡ್ಡಿನಲ್ಲಿ ಜಾಗ ಇಲ್ಲ ಅಂತ ಅವಳ ಅಚ್ಚು ಒಡೆದೆ. ಎಂಟು ದಿನಕ್ಕೆ ಅವಳ ಮನೆಗೆ ಬೆಂಕಿ ಬಿದ್ದು ನಾನು ಮಾಡಿಕೊಟ್ಟ ಕಾಲು ಸುಟ್ಟುಹೋಯಿತು, ಮೊಂಡಿನ ಮೇಲೂ ಬೊಬ್ಬೆ. ಅಚ್ಚು ಇದ್ದಿದ್ದರೆ ಅವಳನ್ನು ಮುಟ್ಟದೆ ಇನ್ನೊಂದು ಕಾಲು ಮಾಡಿಡಬಹುದಿತ್ತು, ಗಾಯ ಮಾಗಿದ ದಿನವೇ ನಡೆಯುತ್ತಿದ್ದಳು. ಗಾಯದ ಮೇಲೆ ಪ್ಲಾಸ್ಟರ್ ಹಾಕಲು ಆಗುವುದಿಲ್ಲ. ಮೂರು ತಿಂಗಳು ತೆವಳಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಚ್ಚು ಒಡೆದದ್ದು ಅವಳಿಗೆ ಗೊತ್ತೇ ಇರಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಅಮ್ಮನಿಗೂ ಹೇಳಿಲ್ಲ.

ಆಮೇಲೂ ಒಡೆಯುತ್ತಲೇ ಬಂದೆ. ಒಡೆಯದೆ ಬಿಟ್ಟರೆ ಅವತ್ತು ಮಾಡಿದ್ದು ತಪ್ಪು ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸುತ್ತಿತ್ತು. ಇದು ಸರಿಯಾದ ಕಾರಣ ಅಲ್ಲ ಅಂತ ನನಗೆ ಗೊತ್ತು.

ಕೆಲಸದ ಮಾತು. ನೀನು ಎಡವಿದ್ದು ಅವಸರಕ್ಕೆ, ಬುದ್ಧಿ ಇಲ್ಲದ್ದಕ್ಕಲ್ಲ. ತುಂಬಿದ ಶೆಡ್ಡಿನಲ್ಲಿ ದೊಡ್ಡ ಅಚ್ಚನ್ನು ಮೊದಲು ಎಳೆದರೆ ಎಲ್ಲ ಮೇಲೆ ಬೀಳುತ್ತದೆ. ಚಿಕ್ಕದರಿಂದ ಶುರು ಮಾಡು. ಯಾವುದನ್ನು ಕೆತ್ತುತ್ತೀಯೋ ಅದರದ್ದೊಂದು ನಕಲು ತೆಗೆದು ಹೊರಗೆ ಇಟ್ಟುಕೊಂಡು ಕೆತ್ತು. ಮೊದಲು ಬೇಡದ ತುಂಡಿನ ಮೇಲೆ ಕೈ ಪಳಗಿಸು, ಆಮೇಲೆ ಕಾಲಿಗೆ ಕೈ ಹಾಕು. ನಿನಗೆ ಇದನ್ನು ಇಲ್ಲಿದ್ದಾಗಲೇ ಹೇಳಬೇಕಾಗಿತ್ತು.

ಬೀಗದ ಕೈ ಬೇಕಾದರೆ ಕೇಳು. ಕೇಳಿದರೆ ಗೌರವ ಕಡಿಮೆ ಆಗುವುದಿಲ್ಲ.

ಬನಿಯನ್ನಿನಲ್ಲಿ ಕೂರಬೇಡ ಅಂತ ಅಮ್ಮನೂ ಹೇಳುತ್ತಿದ್ದಾಳೆ.

ಅಪ್ಪ


ಆಗಸ್ಟ್ 6

ಅಪ್ಪಾ,

ನಿನ್ನ ಕಾಗದವನ್ನು ಷರ್ಟಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ.  ಆ ಹೆಂಗಸಿನ ವಿಷಯಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಕೆಲಸದ ಸುದ್ದಿ ಹೇಳುತ್ತೇನೆ.

ಬೇಡದ ತುಂಡು ಹುಡುಕು ಅಂದೆಯಲ್ಲ, ಸಿಕ್ಕಿತು. ಉಗ್ರಾಣದಲ್ಲಿ ಮೂಲೆಗೆ ಬಿಸಾಕಿದ್ದ ಹಳೇ ಕಂಪ್ಯೂಟರೊಂದನ್ನು ಕೇಳಿ ತಗೊಂಡೆ (ಕೇಳಿದೆ, ನೋಡು!). ರೂಮಿಗೆ ಹೊತ್ತು ತಂದು, ಅದರೊಳಗೆ ಎರಡು ಪುಟ್ಟ ವರ್ಚುವಲ್ ಮಷೀನ್ ಮಾಡಿ, ತುಂಬಿ, ಅಳಿಸಿ, ಕೆಡಿಸಿ, ಮತ್ತೆ ಕಟ್ಟಿ, ಹತ್ತು ದಿನ ಇದೇ ಆಯಿತು. ಈ ಸಲ ಪುಟದ ಕೊನೆಯವರೆಗೂ ಓದಿದೆ. ಇಂಗ್ಲಿಷ್ ತೊಡಕು, ಒಂದೊಂದು ಸಾಲಿಗೆ ಡಿಕ್ಷನರಿ ತೆಗೆದೆ. ಸೊನ್ನೆ ಬರೆಯುವುದೇ ಬೇಕಿಲ್ಲ! ಯಂತ್ರದ ಸೆಟ್ಟಿಂಗಿನಲ್ಲಿ ಒಂದು ಸಾಲು ಇರುತ್ತದೆ, ಒಳಗೆ ಬಿಟ್ಟುಕೊಟ್ಟ ಜಾಗದ ಸುದ್ದಿಯನ್ನು ಹೊರಗೆ ಮುಟ್ಟಿಸು ಅನ್ನುವ ಸಾಲು. ಅದು ಇದ್ದರೆ ಒಳಗೆ ಒಂದು ಕಮಾಂಡ್ ಕೊಟ್ಟರೆ ಸಾಕು, ಫೈಲು ಇದ್ದಲ್ಲೇ ಕುಗ್ಗುತ್ತದೆ. ಊದುವುದೂ ಇಲ್ಲ, ನಕಲಿಗೆ ಜಾಗವೂ ಬೇಡ. ಆ ಸಾಲು ಹಾಕದೇ ಹೋದವನು ಯಾರು ಗೊತ್ತಾ? ಟೈ. ಐದಾರು ವರ್ಷದಿಂದ ಹನ್ನೊಂದು ಯಂತ್ರವೂ ಒಳಗೊಳಗೇ ಅಳಿಸುತ್ತಿವೆ, ಹೊರಗೆ ಹೇಳುವುದಕ್ಕೆ ಬಾಯಿಯೇ ಇಟ್ಟಿಲ್ಲ ಅವನು.

ದಾರಿ ಸಿಕ್ಕಿತು. ಬೀಗದ ಕೈ? ಅದು ಸಿಕ್ಕ ಕಥೆ ಹೀಗೆ.

ಇಲ್ಲಿ ಕಾಲು ಮಾಡುವವರಲ್ಲಿ ಹಿರಿಯರೊಬ್ಬರಿದ್ದಾರೆ. ಮಂಡಿ ಕೀಲು ಕೂಡಿಸುವುದರಲ್ಲಿ ಅವರನ್ನು ಬಿಟ್ಟರಿಲ್ಲ, ಎಲ್ಲರಿಗೂ ಅವರು ಮಂಡಿ ಅಣ್ಣ. ಅವರ ಹತ್ತಿರ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬರುತ್ತಾಳೆ. ಕುಂಟಾಬಿಲ್ಲೆ ಅಂತ ತನಗೆ ತಾನೇ ಹೆಸರಿಟ್ಟುಕೊಂಡಿದ್ದಾಳೆ. "ನೀವೆಲ್ಲ ಒಂದು ಕಾಲು ಎತ್ತಿಕೊಂಡು ಆಡಬೇಕು, ನನಗೆ ಆ ಕಷ್ಟ ಇಲ್ಲ" ಅನ್ನುತ್ತಾಳೆ, ಬೀದಿಯಲ್ಲಿ ಎಲ್ಲರನ್ನೂ ಸೋಲಿಸುತ್ತಾಳಂತೆ. ಮೊನ್ನೆ ಬಂದವಳು ಆಡುವ ಮಾತಿರಲಿ, ನಿಲ್ಲುತ್ತಲೇ ಇರಲಿಲ್ಲ. ಹೊಸ ಕಾಲು ಹಾಕಿದರೆ ಅಳು. ಮೂರು ಸಲ ಬಟ್ಟಲು ತಿದ್ದಿದರು, ಊಹೂಂ.

ಮಂಡಿ ಅಣ್ಣ ಅವಳ ಹಳೇ ಅಳತೆಗಳನ್ನೆಲ್ಲ ತೆಗೆಸಿದರು, ನಾಲ್ಕನೇ ವರ್ಷದಿಂದ ಹಿಡಿದು. ಒಂದರ ಮೇಲೊಂದು ಇಟ್ಟು ಪರದೆಯ ಮೇಲೆ ತಿರುಗಿಸಿದರು. ನಾನೂ ಹಿಂದೆ ನಿಂತಿದ್ದೆ. ಇವತ್ತಿನದ್ದೊಂದನ್ನೇ ನೋಡಿದರೆ ಏನೂ ಕಾಣುವುದಿಲ್ಲ ಅಪ್ಪಾ, ಗುಂಡಗೆ ಚೆನ್ನಾಗೇ ಇದೆ. ಹತ್ತನ್ನೂ ಸಾಲಾಗಿ ನೋಡಿದರೆ ತುದಿಯ ಹೊರಬದಿಗೆ ಒಂದು ಉಬ್ಬು ಪ್ರತಿ ಸಲ ಒಂದು ಎಳೆ ಮುಂದಕ್ಕೆ ಬರುತ್ತಿದೆ. ಒಳಗೆ ಮೂಳೆ ಚೂಪಾಗಿ ಬೆಳೆಯುತ್ತಿತ್ತು. ಡಾಕ್ಟರು ಎಕ್ಸ್-ರೇ ತೆಗೆಸಿ ಹೌದು ಅಂದರು. ಚರ್ಮ ತೂತಾಗುವ ಮೊದಲೇ ಸಿಕ್ಕಿತು.

ಮಂಡಿ ಅಣ್ಣ ಎದ್ದು ನೇರ ಮೇಡಂ ರೂಮಿಗೆ ಹೋದರು. ನಾನು ಹಿಂದೆ ಹಿಂದೆ.

"ಈ ಹತ್ತರಲ್ಲಿ ಆರು, ಮೂವತ್ತೊಂದಕ್ಕೆ ಅಳಿಸೋ ಪಟ್ಟೀಲಿವೆ" ಅಂದರು.

"ನನಗೂ ಇಷ್ಟ ಇಲ್ಲ ಅಣ್ಣ. ಜಾಗ ಎಲ್ಲಿಂದ ತರಲಿ?"

"ಇವನು ತರ್ತೀನಿ ಅಂತಿದ್ದಾನಲ್ಲ."

"ಇವನು ಏನು ತಂದ ಅಂತ ಹೋದ ತಿಂಗಳು ನೋಡಿದ್ವಲ್ಲ!"

ಆಗ ನಾನು ಬಾಯಿ ಬಿಟ್ಟೆ. ಜೋರು ಮಾಡಲಿಲ್ಲ. "ಮೇಡಂ, ಅವತ್ತು ಅರ್ಧ ಓದಿ ಮಾಡಿದೆ. ಈಗ ಪೂರ್ತಿ ಓದಿದ್ದೀನಿ. ರೂಮಲ್ಲಿ ಹತ್ತು ದಿನ ಮಾಡಿ ನೋಡಿದ್ದೀನಿ. ಭಾನುವಾರ ಯಾರೂ ಬರಲ್ಲ. ನಾಲ್ಕು ಗಂಟೆ ಕೊಡಿ. ಪಾಸ್‌ವರ್ಡ್ ನನಗೆ ಹೇಳಬೇಡಿ, ನೀವೇ ಒತ್ತಿ. ದಯವಿಟ್ಟು."

ಅವರು ನನ್ನ ಮುಖವನ್ನೇ ನೋಡಿದರು. "ಅವತ್ತು ತಪ್ಪಾದ ತಕ್ಷಣ ನೀನೇ ಬಂದು ಹೇಳಿದೆ. ಅದೊಂದಕ್ಕೆ ಕೊಡ್ತಿದ್ದೀನಿ" ಅಂದರು. "ಹದಿನಾರಕ್ಕೆ. ನಾನೂ ಪಕ್ಕದಲ್ಲೇ ಕೂರ್ತೀನಿ."

ನೀನು ಹೇಳಿದ ಹಾಗೆ ಅಳತೆಯ ಯಂತ್ರದ ನಕಲೊಂದನ್ನು ಹೊರಗೆ ಇಡಲು ಮಂಡಿ ಅಣ್ಣ ತಮ್ಮ ಮನೆಯ ಡಿಸ್ಕ್ ತರುತ್ತಾರಂತೆ. ಮೊಮ್ಮಗಳ ಫೋಟೋ ಎಲ್ಲ ಅದರಲ್ಲಿದೆ, ಅವನ್ನು ಬೇರೆ ಕಡೆ ಸಾಗಿಸುತ್ತಿದ್ದಾರೆ ಪಾಪ.

ಚಿಕ್ಕದರಿಂದ ಶುರು ಮಾಡುತ್ತೇನೆ.

ನಿನ್ನ ಮಗ


ಆಗಸ್ಟ್ 16

ಅಪ್ಪಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ.

ಮೊದಲು ಚಿಕ್ಕದು, ಬಾಗಿಲ ಹಾಜರಿ ಯಂತ್ರ. ನಿಲ್ಲಿಸಿದೆ, ಆ ಒಂದು ಸಾಲು ಸೇರಿಸಿದೆ, ಎಬ್ಬಿಸಿದೆ, ಕಮಾಂಡ್ ಕೊಟ್ಟೆ. ಅರವತ್ತು ಇದ್ದದ್ದು ಹದಿನಾಲ್ಕಕ್ಕೆ ಇಳಿಯಿತು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೀಗೆ ಹತ್ತು ಮುಗಿಸಿದೆವು. ಒಂದೂ ಕೊಸರಲಿಲ್ಲ.

ಕೊನೆಗೆ ಅಳತೆಯದ್ದು. ಅದರ ನಕಲು ನಿನ್ನೆಯೇ ತೆಗೆದು ಮಂಡಿ ಅಣ್ಣನ ಡಿಸ್ಕಿಗೆ ಹಾಕಿದ್ದೆವು. ಕಮಾಂಡ್ ಒತ್ತುವ ಮೊದಲು ನಾನು ಎದ್ದು ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ಓಡಾಡಿದೆ.

"ಕೂತ್ಕೊಳೋ ಬ್ಯಾಟರಿ, ನನಗೆ ತಲೆ ತಿರುಗ್ತಿದೆ" ಅಂದರು ಮಂಡಿ ಅಣ್ಣ.

ಒತ್ತಿದೆ. ಐದು ನಿಮಿಷ ಏನೂ ಇಲ್ಲ.  ಆಮೇಲೆ ಸಂಖ್ಯೆ ಅಲುಗಾಡಿತು. ಮೂರು ಸಾವಿರದ ಇನ್ನೂರು. ಎರಡು ಸಾವಿರದ ಆರುನೂರು. ಎರಡು ಸಾವಿರ. ಮೆಟ್ಟಿಲಿಳಿದ ಹಾಗೆ ಇಳಿಯಿತು ಅಪ್ಪಾ! ಒಂಬೈನೂರ ಅರವತ್ತಕ್ಕೆ ಬಂದು ನಿಂತಿತು. ಒಳಗೆ ಹೋಗಿ ಮಕ್ಕಳ ಅಳತೆ ಎಣಿಸಿದೆವು. ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ, ಒಂದೂ ಕಮ್ಮಿ ಇಲ್ಲ. ಮಂಡಿ ಅಣ್ಣ ಕುಂಟಾಬಿಲ್ಲೆಯದ್ದು ಹತ್ತನ್ನೂ ತೆಗೆದು ಒಂದೊಂದೇ ತಿರುಗಿಸಿ ನೋಡಿದರು.

ಜೂನಿನಲ್ಲಿ ಇನ್ನೂರ ನಲವತ್ತು ಇದ್ದ ಜಾಗ ಈಗ ಮೂರೂವರೆ ಸಾವಿರ. ಹೊಸ ಡಿಸ್ಕ್ ಒಂದೂ ಕೊಳ್ಳದೆ. ಏನನ್ನೂ ಅಳಿಸದೆ.

ಮಂಡಿ ಅಣ್ಣ ಬೆನ್ನ ಮೇಲೆ ಒಂದು ಗುದ್ದಿದರು, ಇನ್ನೂ ಉರಿಯುತ್ತಿದೆ.  ಮೇಡಂ ಹೋಗುವಾಗ ಬಾಗಿಲ ಹತ್ತಿರ ನಿಂತು, "ನಿಮ್ಮಪ್ಪ ಏನು ಮಾಡ್ತಾರೆ?" ಅಂತ ಕೇಳಿದರು.

"ಕಾಲು ಮಾಡ್ತಾರೆ" ಅಂದೆ.

ನಿನ್ನ ಮಗ


ಆಗಸ್ಟ್ 30

ಅಪ್ಪಾ,

ನೀನು ಬರೆದ ಮೂರು ಸಾಲು ಬಂತು. "ಸರಿಯಾಗಿ ಮಾಡಿದೆ" ಅನ್ನುವುದನ್ನು ನೀನು ಈ ಮೊದಲು ಯಾರಿಗೆ ಬರೆದಿದ್ದೀಯ ಅಂತ ಅಕ್ಕನನ್ನು ಕೇಳಬೇಕು.

ಇವತ್ತು ಒಂದು ಕೆಲಸ ಮಾಡಿ ಬಂದಿದ್ದೇನೆ. ಸರಿಯೋ ತಪ್ಪೋ ನೀನೇ ಹೇಳು.

ಭಾನುವಾರವಾದರೂ ಬೆಳಿಗ್ಗೆ ಮೇಡಂ ಸರ್ವರ್ ಕೋಣೆಗೇ ಬಂದರು. ಜೊತೆಗೆ ಟೈ. ಕೈಯಲ್ಲಿ ರಿಪೋರ್ಟು. ನಾಳೆ ಮೂವತ್ತೊಂದು, ಇವತ್ತು ಅದು ಹೆಡ್ ಆಫೀಸಿಗೆ ಹೋಗಬೇಕು, ಹೋಗದಿದ್ದರೆ ಹಳೇ ಆರ್ಡರ್ ಪ್ರಕಾರ ಅಳಿಸುವುದು. ನನಗೆ ಓದಲು ಕೊಟ್ಟರು. ಒಂದೂವರೆ ಪುಟ. ಯಾವ ದಿನ, ಯಾವ ಯಂತ್ರ, ಎಷ್ಟಿತ್ತು, ಎಷ್ಟಾಯಿತು, ಎಲ್ಲ ಸರಿಯಾಗೇ ಇತ್ತು. ಕೆಲಸ ಮಾಡಿದವರು ಅನ್ನುವ ಜಾಗದಲ್ಲಿ ಟೈನ ಹೆಸರು. ಕೆಳಗೆ ಸಾಕ್ಷಿ ಅಂತ ನನ್ನ ಸಹಿಗೆ ಒಂದು ಗೆರೆ.

 "ಇವರು ಅವತ್ತು ಈ ಕೋಣೆಯಲ್ಲೇ ಇರಲಿಲ್ಲವಲ್ಲ ಮೇಡಂ?"

"ಗೊತ್ತು."

"ಮತ್ತೆ?"

"ಬ್ಯಾಟರಿ ನೋಡೋನು ಸರ್ವರ್ ಮುಟ್ಟಿದ ಅಂತ ಹೋದರೆ ಅವರು ಈ ರಿಪೋರ್ಟನ್ನ ಓದೋದೇ ಇಲ್ಲ. ಯಂತ್ರ ನಂಬೋ ಹಾಗಿಲ್ಲ, ಮೊದಲಿನ ಆರ್ಡರ್ ಪ್ರಕಾರ ಅಳಿಸಿ ಅಂತಾರೆ. ನಾನು ಎರಡು ಸಲ ಫೋನ್ ಮಾಡಿ ಕೇಳಿದೆ. ಟ್ರೈನಿಂಗ್ ಆದವರ ಹೆಸರೇ ಬೇಕು." ಮೇಡಂ ಇದನ್ನು ನನ್ನ ಮುಖ ನೋಡಿ ಹೇಳಲಿಲ್ಲ, ಬ್ಯಾಟರಿಗಳನ್ನು ನೋಡಿ ಹೇಳಿದರು. "ನಿನಗೆ ಅನ್ಯಾಯ ಆಗ್ತಿದೆ ಅಂತ ನನಗೂ ಗೊತ್ತು."

ಟೈ ಮೊಬೈಲ್ ಉಜ್ಜುತ್ತಾ ನಿಂತಿದ್ದ.

ನಾನು ಎದ್ದು ನಡೆದೆ. ನಾಲ್ಕು ಹೆಜ್ಜೆ, ತಿರುಗಿದೆ, ನಾಲ್ಕು ಹೆಜ್ಜೆ. ಹರಿದು ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎರಡು ತಿಂಗಳ ಹಿಂದಿನ ನಾನಾಗಿದ್ದರೆ ಎಸೆದೇ ಇರುತ್ತಿದ್ದೆ. ಎಸೆದರೆ ಒಂದು ಗಂಟೆ ಮಜಾ ಇರುತ್ತಿತ್ತು. ನಾಳೆ ಬೆಳಿಗ್ಗೆ ಆ ಮಕ್ಕಳ ಅಳತೆ ಇರುತ್ತಿರಲಿಲ್ಲ.

"ಸಹಿ ಹಾಕ್ತೀನಿ. ಒಂದು ಸಾಲು ಸೇರಿಸಿ" ಅಂದೆ.

"ಯಾವ ಸಾಲು?"

"ಮಕ್ಕಳ ಅಳತೆ ಎಷ್ಟೇ ಹಳೇದಾಗಲಿ, ಜಾಗ ಸಾಲದು ಅನ್ನೋ ಕಾರಣಕ್ಕೆ ಅಳಿಸೋ ಹಾಗಿಲ್ಲ. ಅಳಿಸಲೇಬೇಕು ಅಂದರೆ ಕಾಲು ಮಾಡೋರ ಸಹಿ ಬೇಕು. ಇವರ ಹೆಸರಿನ ಮೇಲೇ ಬರಲಿ. ಟ್ರೈನಿಂಗ್ ಆದವರು ಹೇಳಿದರೆ ಹೆಡ್ ಆಫೀಸಿನವರು ಕೇಳ್ತಾರಲ್ಲ."

"ಏನೋ, ಷರತ್ತು ಹಾಕ್ತಿದ್ದೀಯಾ ನನಗೆ?"

"ಇಲ್ಲ ಮೇಡಂ. ಅಳತೆ ತಗೋತಿದ್ದೀನಿ."

ಅವರಿಗೆ ನಗು ಬಂತು, ಅದುಮಿಕೊಂಡರು. ಟೈ ಕಡೆ ತಿರುಗಿ "ಬರೀರಿ" ಅಂದರು. ಟೈ ಬರೆದ. ಅಕ್ಷರ ಚೆನ್ನಾಗಿದೆ, ಅದನ್ನು ಇಲ್ಲ ಅನ್ನಲಾರೆ. ತಿದ್ದಿದ ಪುಟದ ಕೆಳಗೆ ಮೂರು ಜನರೂ ಸಹಿ ಹಾಕಿದೆವು. ನನ್ನ ಹೆಸರಿನ ಮುಂದೆ "ಬ್ಯಾಟರಿ ನಿರ್ವಹಣೆ" ಅಂತ ಟೈಪ್ ಆಗಿತ್ತು. ಅದನ್ನೂ ಹಾಗೇ ಬಿಟ್ಟೆ.

ಮೇಡಂ ಹೊರಗೆ ಹೋಗಿ ನನ್ನೆದುರಿಗೇ ನೋಟಿಸ್ ಬೋರ್ಡಿನಿಂದ ಆ ಹಾಳೆ ಕಿತ್ತರು. ಪಿನ್ನು ಮಾತ್ರ ಅಲ್ಲೇ ಉಳಿಯಿತು.

ಆ ಯಂತ್ರಗಳ ಜಾಗ ಬಿಡಿಸಿದ್ದು ಯಾರು ಅಂತ ಈ ಪ್ರಪಂಚದಲ್ಲಿ ಇನ್ನು ಯಾವ ಕಾಗದದಲ್ಲೂ ಇರುವುದಿಲ್ಲ, ನಿನಗೆ ಬರೆದ ಈ ಕಾಗದಗಳನ್ನು ಬಿಟ್ಟು. ಅದಕ್ಕೇ ಸರಿಯಾಗಿ ಬರೆಯುತ್ತೇನೆ, ಅಕ್ಕನಿಗೂ ಅಮ್ಮನಿಗೂ ಓದಿ ಹೇಳು. ಆಗಸ್ಟ್ ಹದಿನಾರು, ಭಾನುವಾರ, ಮಧ್ಯಾಹ್ನ ಎರಡರಿಂದ ಆರರವರೆಗೆ, ಹನ್ನೊಂದು ಯಂತ್ರಗಳಿಂದ ಮೂರು ಸಾವಿರದ ಇನ್ನೂರಕ್ಕೂ ಹೆಚ್ಚು ಜಿಬಿ ಬಿಡಿಸಿದ್ದು ನಾನು. ಒಂದು ಮಗುವಿನ ಅಳತೆಯೂ ಹೋಗಲಿಲ್ಲ. ನನಗೆ ಈಗ ಎದೆ ಎಷ್ಟು ಅಗಲ ಆಗಿದೆ ಅಂದರೆ ಆ ಮೂರು ಹೆಜ್ಜೆಯ ಕೋಣೆ ಸಾಲದು.

ಇನ್ನೊಂದು ಸ್ವಲ್ಪ ಇದೆ, ಕೇಳು. ಸಹಿ ಎಲ್ಲ ಆದ ಮೇಲೆ ಕೋಣೆಯಲ್ಲಿ ಟೈ, ನಾನು ಇಬ್ಬರೇ. ಟೈ ಗಂಟಲು ಸರಿ ಮಾಡಿಕೊಂಡ. ಈ ಎರಡು ವರ್ಷದಲ್ಲಿ ಮೊದಲನೇ ಸಲ ನನ್ನನ್ನು ಬಹುವಚನದಲ್ಲಿ ಕರೆದ.

"ಅಲ್ಲಾ ರೀ, ಆ ಸೆಟ್ಟಿಂಗ್... ಅದು ಎಲ್ಲಿ ಬರುತ್ತೆ? ನಮ್ಮ ಬೇರೆ ಕಡೆ ಸರ್ವರುಗಳಲ್ಲೂ ಇದೇ ತೊಂದರೆ."

ನಾನು ಒರೆಸುವ ಬಟ್ಟೆ ಮಡಚಿ ಬ್ಯಾಟರಿ ಮೇಲಿಟ್ಟೆ. ಕೈ ಕೊಡವಿಕೊಂಡೆ. "ನನ್ನನ್ನ ಕೇಳ್ತೀರಲ್ಲ ಸಾರ್" ಅಂದೆ. "ಮಾಡಿದ್ದು ನೀವೇ ಅಲ್ವಾ?"

 ನಾನು ಹೊರಗೆ ಬಂದು ಬಾಗಿಲು ಹಾಕಿದೆ.

ನಿನ್ನ ಮಗ